ಹನ್ನೊಂದು ವರ್ಷ ವೇದಾಂತ ಕೇಳಿದ ಮೇಲೂ ಮನೋಚಿಕಿತ್ಸೆ ಬೇಕಾಗುತ್ತದೆಯೇ?

ಗಿರಿನಗರದ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೀಗ ನಲವತ್ತೊಂಬತ್ತು ವರ್ಷ. ಹನ್ನೊಂದು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ ನಡೆಯುವ ವೇದಾಂತ ಪಾಠಕ್ಕೆ ತಪ್ಪದೆ ಹೋಗುತ್ತಿದ್ದೇನೆ. ಕೇನ, ಕಠ, ಮಾಂಡೂಕ್ಯ ಉಪನಿಷತ್ತುಗಳನ್ನು ಭಾಷ್ಯದೊಂದಿಗೆ ಕೇಳಿದ್ದೇನೆ. ಪ್ರಾಚೀನ ಗ್ರೀಸ್ ಮತ್ತು ರೋಮಿನ ಸ್ಟೋಯಿಕ್ ಪಂಥದ ಚಿಂತಕರನ್ನೂ ಬೌದ್ಧ ಸೂತ್ರಗಳನ್ನೂ ನನ್ನ ಅಳವಿಗೆ ಸಿಕ್ಕಷ್ಟು ಓದಿಕೊಂಡಿದ್ದೇನೆ. ಇವುಗಳಿಂದ ನನಗೆ ಏನೂ ಪ್ರಯೋಜನವಾಗಿಲ್ಲವೆಂದರೆ ಅದು ಕೃತಘ್ನತೆಯಾದೀತು. ಎರಡು ವರ್ಷಗಳ ಹಿಂದೆ ತಂದೆಯವರು ತೀರಿಕೊಂಡಾಗ ನಾನು ಕುಸಿಯದಂತೆ ಹಿಡಿದು ನಿಲ್ಲಿಸಿದ್ದು ಇದೇ ಓದು.

ಆದರೆ ಕಳೆದ ತಿಂಗಳು ನಡೆದ ಒಂದು ಸಂಗತಿ ನನ್ನ ನಿದ್ದೆಯನ್ನು ಕೆಡಿಸಿದೆ. ದ್ವಿತೀಯ ಪಿಯುಸಿಯಲ್ಲಿರುವ ಮಗಳು, ತಾನು ಎಂಜಿನಿಯರಿಂಗ್ ಓದುವುದಿಲ್ಲ, ಸಿಇಟಿ ಪರೀಕ್ಷೆಗೂ ಕೂರುವುದಿಲ್ಲ ಎಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದಳು. ನಾನು ಕೂಗಾಡಲಿಲ್ಲ. ಕೈ ತೊಳೆದುಕೊಂಡು ಕೋಣೆಗೆ ಹೋದೆ. ಮುಂದಿನ ನಾಲ್ಕು ದಿನ ಅವಳೊಂದಿಗೆ ಒಂದು ಮಾತನ್ನೂ ಆಡಲಿಲ್ಲ. ಸಿಟ್ಟನ್ನು ಗೆದ್ದಿದ್ದೇನೆ, ಆಗುವುದನ್ನು ಸಾಕ್ಷಿಯಾಗಿ ನೋಡುತ್ತಿದ್ದೇನೆ ಎಂದೇ ಆ ನಾಲ್ಕು ದಿನವೂ ಪ್ರಾಮಾಣಿಕವಾಗಿ ನಂಬಿದ್ದೆ. ಐದನೆಯ ದಿನ ಬೆಳಿಗ್ಗೆ ಅವಳು ಬಾಗಿಲ ಬಳಿ ನಿಂತು, "ಅಪ್ಪ, ನೀವು ಬೈದರೂ ಪರವಾಗಿಲ್ಲ, ಹೀಗೆ ಸುಮ್ಮನೆ ಇರಬೇಡಿ. ನಾನು ಈ ಮನೇಲಿ ಇಲ್ಲವೇನೋ ಅನ್ನಿಸುತ್ತೆ" ಎಂದಳು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ನನಗೆ ಇಪ್ಪತ್ತು ವರ್ಷದಿಂದ ಹಾಗೇ ಅನ್ನಿಸಿದೆ" ಎಂದಳು.

ನಾನು ಸಾಕ್ಷಿಭಾವವೆಂದು ಕರೆದುಕೊಂಡದ್ದನ್ನು ಅವರಿಬ್ಬರೂ ಮುನಿಸೆಂದು, ಅದಕ್ಕಿಂತ ಹೆಚ್ಚಾಗಿ ಶಿಕ್ಷೆಯೆಂದು ಅನುಭವಿಸಿದ್ದಾರೆ. ಹಾಗಾದರೆ ಹನ್ನೊಂದು ವರ್ಷ ನಾನು ಅರಿತದ್ದೇನು? ಸಹೋದ್ಯೋಗಿಯೊಬ್ಬರು ಮನೋಚಿಕಿತ್ಸಕರನ್ನು ಕಾಣಲು ಸೂಚಿಸಿದ್ದಾರೆ. ನನಗೆ ಖಿನ್ನತೆಯಿಲ್ಲ, ಕೆಲಸ ಚೆನ್ನಾಗಿಯೇ ನಡೆಯುತ್ತಿದೆ. ಕಾಯಿಲೆಯಿಲ್ಲದವನು ಚಿಕಿತ್ಸೆಗೆ ಹೋಗುವುದರಲ್ಲಿ ಅರ್ಥವಿದೆಯೇ, ಅಥವಾ ತತ್ತ್ವಶಾಸ್ತ್ರವನ್ನೇ ಇನ್ನಷ್ಟು ಶ್ರದ್ಧೆಯಿಂದ ಮುಂದುವರಿಸಬೇಕೇ? ಬಲ್ಲವರು ದಯವಿಟ್ಟು ತಿಳಿಸಿ. ಸಾಧ್ಯವಾದರೆ ಕನ್ನಡದಲ್ಲಿಯೇ ಮಾತನಾಡಬೇಕೆಂಬ ಆಸೆಯೂ ನನಗಿದೆ.

ನಿವೃತ್ತ ಮನಶ್ಶಾಸ್ತ್ರಜ್ಞೆ, ಜಯನಗರ

ನಮಸ್ಕಾರ. ನಾನು ಕ್ಲಿನಿಕಲ್ ಸೈಕಾಲಜಿಯಲ್ಲಿ ತರಬೇತಿ ಪಡೆದು, ಸುಮಾರು ಮೂವತ್ತು ವರ್ಷ ಈ ಊರಿನಲ್ಲಿಯೇ ಮನೋಚಿಕಿತ್ಸೆ ನೀಡಿ, ಈಚೆಗೆ ಆ ಕೆಲಸವನ್ನು ನಿಲ್ಲಿಸಿದ್ದೇನೆ. ನಿಮ್ಮ ಮಗಳ ಮಾತನ್ನು ನೀವು ಮುಚ್ಚಿಡದೆ ಬರೆದಿರುವುದರಿಂದ ನಾನೂ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ.

ನೀವು ವಿವರಿಸಿದ ಸ್ಥಿತಿಗೆ ನಮ್ಮ ವೃತ್ತಿಯಲ್ಲಿ ಬೌದ್ಧೀಕರಣ (ಇಂಟಲೆಕ್ಚುಯಲೈಸೇಶನ್) ಎಂಬ ಹೆಸರಿದೆ. ಮನೋವಿಶ್ಲೇಷಣೆಯ ಸ್ಥಾಪಕ ಸಿಗ್ಮಂಡ್ ಫ್ರಾಯ್ಡರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಮನಸ್ಸಿನ ರಕ್ಷಣಾತಂತ್ರಗಳನ್ನು ಕುರಿತು ಬರೆಯುವಾಗ ಇದನ್ನು ವಿವರವಾಗಿ ಚರ್ಚಿಸಿದರು. ನೋವನ್ನು ಅನುಭವಿಸುವ ಬದಲು ನೋವಿನ ಕುರಿತು ವಿಚಾರ ಮಾಡುವುದು, ಭಾವ ಎದೆಗೆ ತಟ್ಟುವ ಮೊದಲೇ ಅದನ್ನು ಒಂದು ತತ್ತ್ವವಾಗಿ ಪರಿವರ್ತಿಸಿಬಿಡುವುದು ಇದರ ಲಕ್ಷಣ. ಅವರು ಇದನ್ನು ಮುಖ್ಯವಾಗಿ ಹರೆಯದವರಲ್ಲಿ ಗುರುತಿಸಿದರು. ನಾನು ಇದನ್ನು ಹೆಚ್ಚಾಗಿ ಕಂಡದ್ದು ನಲವತ್ತು ದಾಟಿದ, ಚೆನ್ನಾಗಿ ಓದಿಕೊಂಡ ಗಂಡಸರಲ್ಲಿ. ಆಧ್ಯಾತ್ಮಿಕ ಸಾಧನೆಯೇ ಹೀಗೆ ಅಡಗುದಾಣವಾಗುವ ಸಂದರ್ಭವನ್ನು ಅಮೆರಿಕದ ಮನೋಚಿಕಿತ್ಸಕ ಜಾನ್ ವೆಲ್‌ವುಡ್ 1980ರ ದಶಕದಲ್ಲಿ ‘ಸ್ಪಿರಿಚುಯಲ್ ಬೈಪಾಸಿಂಗ್’ ಎಂದು ಬೇರೆಯಾಗಿ ಹೆಸರಿಸಿದರು. ಅವರು ಸ್ವತಃ ಬೌದ್ಧ ಸಾಧಕರಾಗಿದ್ದವರು, ಸಾಧನೆಯನ್ನು ಹೊರಗಿನಿಂದ ಟೀಕಿಸಿದವರಲ್ಲ. ಆದ್ದರಿಂದ ನಿಮ್ಮ ವೇದಾಂತಕ್ಕೆ ಇದು ಅವಮಾನವೆಂದು ದಯವಿಟ್ಟು ಭಾವಿಸಬೇಡಿ. ಮನಸ್ಸು ತನ್ನನ್ನು ರಕ್ಷಿಸಿಕೊಳ್ಳಲು ಕೈಗೆ ಸಿಕ್ಕ ಅತ್ಯುತ್ತಮ ವಸ್ತುವನ್ನೇ ಎತ್ತಿಕೊಳ್ಳುತ್ತದೆ. ನಿಮ್ಮ ಕೈಗೆ ಉಪನಿಷತ್ತು ಸಿಕ್ಕಿತ್ತು.

ಇನ್ನು, ಚಿಕಿತ್ಸೆಯಲ್ಲಿ ನಡೆಯುವುದೇನು ಎಂಬ ಪ್ರಶ್ನೆ. ಹೆಚ್ಚಿನವರು ಅಲ್ಲಿ ಯಾರೋ ಜಾಣರು ಕುಳಿತು ಬುದ್ಧಿ ಹೇಳುತ್ತಾರೆಂದು ತಿಳಿದಿದ್ದಾರೆ. ಅದು ಹಾಗಲ್ಲ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ, ಸುಮಾರು ಐವತ್ತು ನಿಮಿಷ ನೀವು ಒಬ್ಬರೆದುರು ಕೂರುತ್ತೀರಿ. ಮೊದಲ ಕೆಲವು ವಾರ ನೀವು ನಿಮ್ಮ ಬಗ್ಗೆ ಬಹಳ ಸ್ಪಷ್ಟವಾಗಿ, ಒಂದು ಪ್ರಬಂಧವನ್ನು ಓದಿದಂತೆ ಹೇಳುತ್ತೀರಿ. ಆಮೇಲೊಂದು ದಿನ ಚಿಕಿತ್ಸಕರು ಆಡಿದ ಯಾವುದೋ ಮಾತು ನಿಮಗೆ ಚುಚ್ಚುತ್ತದೆ, ಅಥವಾ ಅವರು ರಜೆ ಹಾಕಿದ್ದು ನಿಮಗೆ ಸರಿಬರುವುದಿಲ್ಲ. ಆಗ ಊಟದ ತಟ್ಟೆಯ ಮುಂದೆ ಮಾಡಿದ್ದನ್ನೇ ನೀವು ಅಲ್ಲಿಯೂ ಮಾಡುತ್ತೀರಿ: ಮೌನವಾಗುತ್ತೀರಿ, ಇಲ್ಲವೇ ವಿನಯದಿಂದ ಮುಂದಿನ ವಾರ ಬರಲಾಗುವುದಿಲ್ಲ ಎಂದು ಸಂದೇಶ ಕಳಿಸುತ್ತೀರಿ. ಮನೆಗೂ ಆ ಕೋಣೆಗೂ ವ್ಯತ್ಯಾಸ ಕಾಣುವುದು ಈ ಘಟ್ಟದಲ್ಲಿ. ಮನೆಯವರು ನಿಮ್ಮ ಮೌನಕ್ಕೆ ಹೆದರುತ್ತಾರೆ ಅಥವಾ ಅದಕ್ಕೆ ಹೊಂದಿಕೊಳ್ಳುತ್ತಾರೆ, ಏಕೆಂದರೆ ಅವರಿಗೆ ನಿಮ್ಮೊಡನೆ ಬಾಳಬೇಕಾಗಿದೆ. ಚಿಕಿತ್ಸಕರಿಗೆ ಆ ಹೆದರಿಕೆಯಿಲ್ಲ, ನಿಮ್ಮ ಮೇಲೆ ಕೋಪವೂ ಇಲ್ಲ. ಅವರು ಆ ಮೌನವನ್ನೇ ಮಾತಿನ ನಡುವೆ ತಂದಿಟ್ಟು, ಈಗ ಏನಾಯಿತು ಎಂದು ಕೇಳುತ್ತಾರೆ. ಹಳೆಯ ಸಂಬಂಧವೊಂದರ ಭಾವ ಹೊಸ ಮನುಷ್ಯರ ಮೇಲೆ ಹೀಗೆ ಹರಿದುಬರುವುದನ್ನು ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆ. ಪುಸ್ತಕವನ್ನು ಎಷ್ಟು ಓದಿದರೂ ಇದು ಕಾಣಿಸುವುದಿಲ್ಲ, ಏಕೆಂದರೆ ಪುಸ್ತಕದ ಮೇಲೆ ನಾವು ಮುನಿಸಿಕೊಳ್ಳುವುದಿಲ್ಲ.

ಎಲ್ಲ ಪದ್ಧತಿಗಳೂ ಇದನ್ನೇ ಕೇಂದ್ರದಲ್ಲಿಟ್ಟುಕೊಂಡಿಲ್ಲ. ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ರೂಪಿಸಿದ ಪದ್ಧತಿಯೂ, ಆರನ್ ಬೆಕ್ 1960ರ ದಶಕದಲ್ಲಿ ಬೆಳೆಸಿದ ಅರಿವಿನ ಚಿಕಿತ್ಸೆಯೂ (ಕಾಗ್ನಿಟಿವ್ ಥೆರಪಿ) ನಮ್ಮ ಆಲೋಚನೆಗಳನ್ನು ಪರೀಕ್ಷಿಸುವುದರಿಂದ ಆರಂಭವಾಗುತ್ತವೆ, ಮತ್ತು ಇಬ್ಬರೂ ನೀವು ಓದಿರುವ ಸ್ಟೋಯಿಕರ ಋಣವನ್ನು ಒಪ್ಪಿಕೊಂಡಿದ್ದಾರೆ. ಮನುಷ್ಯರನ್ನು ಕಲಕುವುದು ಘಟನೆಗಳಲ್ಲ, ಘಟನೆಗಳ ಬಗ್ಗೆ ಅವರು ತಳೆದ ತೀರ್ಮಾನಗಳು ಎಂಬ ಸ್ಟೋಯಿಕ್ ಚಿಂತಕ ಎಪಿಕ್ಟೀಟಸನ ಮಾತು ಆ ಪದ್ಧತಿಯ ಬುನಾದಿಯಲ್ಲಿದೆ. ಆತಂಕ ಮತ್ತು ಖಿನ್ನತೆಗೆ ಅದು ಬಹಳ ಉಪಯುಕ್ತ. ನಿಮ್ಮ ವಿಷಯದಲ್ಲಿ ಮಾತ್ರ ನನಗೊಂದು ಅಳುಕಿದೆ: ಆಲೋಚನೆಯನ್ನು ಪರೀಕ್ಷಿಸುವ ಕಲೆ ನಿಮಗೆ ಈಗಾಗಲೇ ಸಿದ್ಧಿಸಿದೆ, ಅದರಲ್ಲಿ ಇನ್ನಷ್ಟು ನಿಪುಣರಾಗಿ ಅದರ ಹಿಂದೆಯೇ ಅಡಗಿಬಿಡಬಹುದು. ಸಂಬಂಧವನ್ನೇ ನೆಲೆಯಾಗಿಟ್ಟುಕೊಂಡು ಕೆಲಸ ಮಾಡುವವರನ್ನು ಹುಡುಕಿ.

ಕಾಯಿಲೆಯಿರಬೇಕೆಂಬ ನಿಯಮವಿಲ್ಲ. ನಿಮ್ಹಾನ್ಸ್ ಸಂಸ್ಥೆಯೇ ಹೊಸೂರು ರಸ್ತೆಯ ಆಸ್ಪತ್ರೆಯ ಜೊತೆಗೆ ಬಿಟಿಎಂ ಬಡಾವಣೆಯಲ್ಲಿ ಮಾನಸಿಕ ಸ್ವಾಸ್ಥ್ಯಕ್ಕೆಂದು ಬೇರೆಯೇ ಕೇಂದ್ರವೊಂದನ್ನು ನಡೆಸುತ್ತಿದೆ. ಖಾಸಗಿಯಾಗಿ ಹೋಗುವುದಾದರೆ, ಆ ವ್ಯಕ್ತಿಯ ತರಬೇತಿ ಏನೆಂದು ಸಂಕೋಚವಿಲ್ಲದೆ ಕೇಳಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಹೆಚ್ಚಿನ ತರಬೇತಿ ಪಡೆದ, ಔಷಧ ಬರೆಯುವ ಅಧಿಕಾರವಿರುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆಪ್ತಸಮಾಲೋಚಕ ಎಂಬ ಹೆಸರನ್ನು ಮಾತ್ರ ಕೆಲವೇ ವಾರಗಳ ಕೋರ್ಸ್ ಮಾಡಿದವರೂ ಹಾಕಿಕೊಳ್ಳುತ್ತಿದ್ದಾರೆ, ಆದ್ದರಿಂದ ಅಲ್ಲಿ ಎಚ್ಚರಿಕೆ ಹೆಚ್ಚು ಬೇಕು. ನೀವು ಹೇಳಿದ ಮಾತು ಆ ಕೋಣೆಯಾಚೆ ಹೋಗಬಾರದು. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ ಮತ್ತು ಕಾನೂನು ಕೇಳಿದಾಗ ಮಾತ್ರ ಇದಕ್ಕೆ ವಿನಾಯಿತಿ. ಈ ಮಿತಿಯನ್ನು ಒಳ್ಳೆಯ ಚಿಕಿತ್ಸಕರು ಮೊದಲ ದಿನವೇ ತಿಳಿಸುತ್ತಾರೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಬದುಕೇ ಬೇಡವೆನ್ನಿಸುವಷ್ಟು ಸಂಕಟವಿದ್ದರೆ, ಅವರು ವಾರದ ಸರದಿಗೆ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು.

ತತ್ತ್ವಶಾಸ್ತ್ರದ ಮೇಷ್ಟ್ರು, ಮಲ್ಲೇಶ್ವರ

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ಅದರ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ತಮಗೆ ಒದಗದೆ ಹೋದದ್ದು ತತ್ತ್ವಶಾಸ್ತ್ರವೆಂದು ತಿಳಿದುಬಿಟ್ಟರೆ ಅದು ಅನ್ಯಾಯವಾಗುತ್ತದೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಹೆಂಡತಿ ಮೈತ್ರೇಯಿಗೆ ಹೇಳುವಾಗ ಆತ್ಮನನ್ನು ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ ಮಾಡಬೇಕು, ಅಂದರೆ ಅದರಲ್ಲಿಯೇ ಮನಸ್ಸನ್ನು ನೆಲೆಗೊಳಿಸಬೇಕು ಎನ್ನುತ್ತಾನೆ. ನಮ್ಮ ಭಾನುವಾರದ ಪಾಠಗಳಲ್ಲಿ ನಡೆಯುವುದು ಬಹುತೇಕ ಮೊದಲನೆಯದು ಮಾತ್ರ. ಗುರುಗಳು ಹೇಳುತ್ತಾರೆ, ಐವತ್ತು ಜನ ಕೇಳುತ್ತಾರೆ, ಪ್ರಸಾದ ತೆಗೆದುಕೊಂಡು ಮನೆಗೆ ಬರುತ್ತಾರೆ. ಮನನವೆಂದರೆ ಸಂಶಯವನ್ನು ಎತ್ತಿ, ಅದರೊಡನೆ ಸೆಣಸಿ, ಪ್ರತಿಪಕ್ಷವನ್ನು ಎದುರಿಸುವ ಕೆಲಸ. ಕೇಳಿದ ತತ್ತ್ವವು ನಿನ್ನೆಯ ರಾತ್ರಿಯ ಊಟದ ತಟ್ಟೆಯ ಮುಂದೆ ನಿಲ್ಲುತ್ತದೆಯೇ ಎಂಬುದೂ ಒಂದು ಪ್ರತಿಪಕ್ಷವೇ. ಸಾಕ್ಷಿ ಎಂಬ ಶಬ್ದವನ್ನೇ ನೋಡಿ. ವೇದಾಂತದ ಸಾಕ್ಷಿಯು ಏಳುತ್ತಿರುವ ಕೋಪವನ್ನೂ ಬೆಳಗಬೇಕು. ಕೋಪ ಇಲ್ಲವೇ ಇಲ್ಲವೆಂದು ನಾಲ್ಕು ದಿನ ನಂಬಿದ್ದು ಸಾಕ್ಷಿಯಾಗಿರಲು ಸಾಧ್ಯವಿಲ್ಲ, ಅಲ್ಲಿ ನೋಡುವುದು ನಡೆದೇ ಇರಲಿಲ್ಲ. ಶಾಸ್ತ್ರದ ಅಳತೆಯಲ್ಲಿಯೇ ಅದು ತಪ್ಪು.

ತತ್ತ್ವವಿಚಾರ ಒಂಟಿ ಓದಿನ ಕೆಲಸವಾದದ್ದು ಈಚೆಗೆ. ಸಾಕ್ರೆಟಿಸ್ ಒಂದು ಅಕ್ಷರವನ್ನೂ ಬರೆಯಲಿಲ್ಲ, ಎದುರಿಗೊಬ್ಬ ಮನುಷ್ಯನಿಲ್ಲದೆ ಅವನ ವಿಚಾರ ಮುಂದೆ ಹೋಗುತ್ತಿರಲಿಲ್ಲ. ಯಾವ ಮನುಷ್ಯನ ಸಂಕಟವನ್ನೂ ಗುಣಪಡಿಸದ ತತ್ತ್ವಜ್ಞನ ಮಾತು ಪೊಳ್ಳು ಎಂಬ ಹೇಳಿಕೆ ಗ್ರೀಕ್ ತತ್ತ್ವಜ್ಞ ಎಪಿಕ್ಯೂರಸನ ಹೆಸರಿನಲ್ಲಿ ಉಳಿದುಬಂದಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಅನುಭಾವವನ್ನು ಗೋಷ್ಠಿಯಲ್ಲಿ, ಒಬ್ಬರನ್ನೊಬ್ಬರು ಪ್ರಶ್ನಿಸುತ್ತಾ, ಮನೆಮಾತಾದ ಕನ್ನಡದಲ್ಲಿ ಒರೆಗೆ ಹಚ್ಚಿದರು. ಇವರಾರಿಗೂ ತನ್ನನ್ನು ಅರಿಯುವುದೂ ಇನ್ನೊಬ್ಬರೆದುರು ತನ್ನ ಮಾತಿಗೆ ಹೊಣೆಯಾಗುವುದೂ ಬೇರೆ ಬೇರೆ ಆಗಿರಲಿಲ್ಲ.

ಇನ್ನೊಂದು ಮಾತನ್ನು ಮನಶ್ಶಾಸ್ತ್ರಜ್ಞರೆದುರು ಗೌರವದಿಂದಲೇ ಇಡಬೇಕಾಗಿದೆ. ಮನೋಚಿಕಿತ್ಸೆಗೂ ತನ್ನದೇ ತತ್ತ್ವವೊಂದಿದೆ, ಅದನ್ನು ಅದು ಎಲ್ಲ ಬಾರಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಮನುಷ್ಯನೆಂದರೆ ತನ್ನ ಗಡಿಗಳಿರುವ, ತನ್ನ ಇಚ್ಛೆಯಂತೆ ಬದುಕಬೇಕಾದ ಒಂಟಿ ವ್ಯಕ್ತಿ ಎಂಬ ಎಣಿಕೆ ಅದರ ಹುಟ್ಟಿನಲ್ಲಿಯೇ ಇದೆ. ಈ ಪ್ರಶ್ನೆಯನ್ನು ಎತ್ತಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು. ನಿಮ್ಹಾನ್ಸ್ ಆಗುವುದಕ್ಕೆ ಮೊದಲು ಅಲ್ಲಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಎನ್. ಸಿ. ಸೂರ್ಯ ಎಂಬ ಮನೋವೈದ್ಯರಿದ್ದರು. ಅವರು ಜಯರಾಂ ಎಂಬವರೊಡನೆ 1964ರಲ್ಲಿ ಬರೆದ ಲೇಖನವೊಂದರಲ್ಲಿ, ಭಾರತದ ರೋಗಿ ಚಿಕಿತ್ಸಕನಲ್ಲಿ ಅವಿಭಕ್ತ ಕುಟುಂಬದ ಹಿರಿಯನನ್ನು ಹುಡುಕುತ್ತಾನೆ, ದೂರ ಕುಳಿತ ತಟಸ್ಥ ಕೇಳುಗನಿಂದ ಅವನಿಗೆ ತೃಪ್ತಿಯಾಗುವುದಿಲ್ಲ ಎಂದು ಗುರುತಿಸಿದರು. 1973ರಲ್ಲಿ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿಯವರು ಗುರುಶಿಷ್ಯ ಸಂಬಂಧವೇ ನಮ್ಮ ಚಿಕಿತ್ಸೆಗೆ ಮಾದರಿಯಾಗಬಲ್ಲದೆಂದು ವಾದಿಸಿದರು. ಆ ಮಾದರಿಯಲ್ಲಿ ಗುರುವಿನ ಅಧಿಕಾರ ಪ್ರಶ್ನಾತೀತವಾಗುವ ಅಪಾಯವಿರುವುದರಿಂದ ಅದನ್ನು ನಾನು ಪೂರ್ತಿ ಒಪ್ಪಲಾರೆ. ಆದರೆ ಅವರು ತೋರಿಸಿದ ಕೊರತೆ ನಿಜವಾದದ್ದು. ಮಗಳು ತನ್ನ ದಾರಿ ಹಿಡಿಯಲಿ, ನೀವು ನಿಮ್ಮ ಗಡಿಯೊಳಗಿರಿ ಎಂದಷ್ಟೇ ಹೇಳಿ ಕಳಿಸುವ ಚಿಕಿತ್ಸೆ ನಿಮಗೆ ಸಾಲದು. ಮಗಳಿಗೆ ತಂದೆ ಯಾವುದರಲ್ಲಿ ಋಣಿ, ತಂದೆಗೆ ಮಗಳು ಯಾವುದರಲ್ಲಿ ಋಣಿ, ಪ್ರೀತಿಸುವವರ ಬದುಕಿನ ಮೇಲೆ ನಮಗೆ ಎಷ್ಟು ಅಧಿಕಾರವಿದೆ ಎಂಬುದೆಲ್ಲ ಧರ್ಮದ ಪ್ರಶ್ನೆಗಳು. ನೀವು ಹೀಗೇಕಾದಿರಿ ಎಂಬುದು ಚಿಕಿತ್ಸೆಯಲ್ಲಿ ತಿಳಿದೀತು. ತಿಳಿದ ಮೇಲೆ ಹೇಗಿರಬೇಕೆಂದು ನಿಶ್ಚಯಿಸುವಾಗ ನಿಮ್ಮ ಹನ್ನೊಂದು ವರ್ಷದ ಓದು ಖಂಡಿತ ಕೆಲಸಕ್ಕೆ ಬರುತ್ತದೆ.

ಹಾಸನದ ಕಡೆಯವಳು, ಈಗ ವಿದ್ಯಾರಣ್ಯಪುರ

ಕನ್ನಡದಲ್ಲಿ ಮಾತನಾಡಬೇಕೆಂಬ ನಿಮ್ಮ ಕೊನೆಯ ಸಾಲಿಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ತಾಯಿಯವರ ಕಾಯಿಲೆಯ ಕೊನೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡು, ಅವರು ಹೋದ ಮೇಲೆ ನಾನು ಒಂದೂವರೆ ವರ್ಷ ಚಿಕಿತ್ಸೆಗೆ ಹೋದೆ. ಮೊದಲು ಕಂಡ ಆಪ್ತಸಮಾಲೋಚಕರು ಅರ್ಧ ಗಂಟೆಯೊಳಗೆ ಮೂರು ಸಲಹೆ ಕೊಟ್ಟು, ತಮ್ಮ ತಾಯಿಯ ಕಥೆಯನ್ನು ಹೇಳಿ ಕಳಿಸಿದರು. ಅಲ್ಲಿಗೆ ಮತ್ತೆ ಹೋಗಲಿಲ್ಲ. ಎರಡನೆಯವರು ಒಳ್ಳೆಯವರೇ, ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಕಚೇರಿಯಲ್ಲಿ ದಿನವಿಡೀ ಆಡುವ ಭಾಷೆಯಾದ್ದರಿಂದ ನನಗೂ ಸಲೀಸಾಗಿಯೇ ಇತ್ತು. ನಾಲ್ಕು ತಿಂಗಳಾದ ಮೇಲೆ ಗಮನಿಸಿದೆ, ಅಲ್ಲಿ ನಾನು ಒಮ್ಮೆಯೂ ಅತ್ತಿರಲಿಲ್ಲ. ತಾಯಿಯ ಸಾವನ್ನು ತಿಂಗಳ ವರದಿ ಒಪ್ಪಿಸಿದಂತೆ ಹೇಳುತ್ತಿದ್ದೆ.

ಮೂರನೆಯವರು ಕನ್ನಡದವರು. ಮೊದಲ ದಿನ ಅವರೆದುರು, ಅಮ್ಮನ ವಿಷಯದಲ್ಲಿ ನನಗೆ ಬೇಜಾರಾಗಿದೆ ಎಂದೆ. ಅವರು, "ಬೇಜಾರು ಅಂದರೆ ಯಾವ ಬೇಜಾರು? ದುಃಖವೋ, ಸಿಟ್ಟೋ, ಸಾಕಾಗಿಹೋಗಿದೆ ಅನ್ನೋದೋ?" ಎಂದು ಕೇಳಿದರು. ಈ ಪದವನ್ನು ನಾವು ಎಷ್ಟೊಂದಕ್ಕೆ ಬಳಸುತ್ತೇವೆ ಎಂಬುದು ಆ ಕ್ಷಣದವರೆಗೆ ನನಗೆ ತೋಚಿರಲಿಲ್ಲ. ಸತ್ತಾಗಲೂ ಬೇಜಾರು, ಬಸ್ಸು ತಪ್ಪಿದಾಗಲೂ ಬೇಜಾರು, ಭಾನುವಾರ ಮಧ್ಯಾಹ್ನ ಏನೂ ತೋಚದಿದ್ದರೂ ಬೇಜಾರು. ನನ್ನ ಬೇಜಾರಿನೊಳಗೆ ಸಾಕಾಗಿಹೋಗಿದೆ ಎಂಬುದೇ ದೊಡ್ಡ ಪಾಲಾಗಿತ್ತು. ತಾಯಿ ಬೇಗ ಹೋಗಲಿ ಎಂದು ಒಂದು ರಾತ್ರಿ ನಾನು ಬಯಸಿದ್ದೆ. ಆ ಮಾತನ್ನು ಇಂಗ್ಲಿಷಿನಲ್ಲಿ ಯೋಚಿಸಿಯೇ ಇರಲಿಲ್ಲವಾದ್ದರಿಂದ ಇಂಗ್ಲಿಷಿನಲ್ಲಿ ಅದು ಹೊರಗೆ ಬರಲು ದಾರಿಯೇ ಇರಲಿಲ್ಲ. ನಮ್ಮೂರಿನ ಮಾತಿನಲ್ಲಿ ಅದು ಬಂದ ದಿನ ನಾನು ಐವತ್ತು ನಿಮಿಷವೂ ಅತ್ತೆ, ಮತ್ತು ಆ ರಾತ್ರಿ ಬಹಳ ಕಾಲದ ಮೇಲೆ ಪೂರ್ತಿ ನಿದ್ದೆ ಮಾಡಿದೆ.

ನಿಮ್ಮ ಪ್ರಶ್ನೆಯಲ್ಲಿ ಮುನಿಸು ಎಂಬ ಪದವನ್ನು ಕಂಡು ನನಗೆ ಇಷ್ಟು ಬರೆಯಬೇಕೆನ್ನಿಸಿತು. ಸಿಟ್ಟು ಯಾರ ಮೇಲೆ ಬೇಕಾದರೂ ಬರುತ್ತದೆ, ಮುನಿಸು ನಮ್ಮವರ ಮೇಲೆ ಮಾತ್ರ. ಅವರೇ ಬಂದು ಕರೆಯಲಿ ಎಂಬ ಆಸೆ ಅದರೊಳಗೆ ಇರುತ್ತದೆ. ನಾಲ್ಕು ದಿನ ಕೋಣೆಯಲ್ಲಿದ್ದಾಗ ನೀವು ಯಾರು ಬಂದು ಬಾಗಿಲು ತಟ್ಟಲಿ ಎಂದು ಕಾಯುತ್ತಿದ್ದಿರಿ ಎಂಬುದನ್ನು ನಿಮ್ಮ ಚಿಕಿತ್ಸಕರು ಕೇಳಿದರೆ, ಅವರಿಗೆ ಆ ಪದ ಕನ್ನಡದಲ್ಲಿ ಗೊತ್ತಿದ್ದರೆ ಒಳ್ಳೆಯದು. ನಾನು ಒಂದು ಸಲಕ್ಕೆ ಸಾವಿರದ ಇನ್ನೂರು ರೂಪಾಯಿ ಕೊಡುತ್ತಿದ್ದೆ. ನನ್ನ ಸಂಬಳದಲ್ಲಿ ಅದು ಹಗುರವಾಗಿರಲಿಲ್ಲ, ಕೊನೆಯ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೋದೆ.

ರಾಜಾಜಿನಗರದ ಹಿರಿಯರು

ನನಗೆ ಎಪ್ಪತ್ತೆಂಟು ವರ್ಷ. ನಾವು ವಠಾರದಲ್ಲಿ ಬೆಳೆದವರು. ಎಂಟು ಮನೆಗೆ ಒಂದು ನಲ್ಲಿ, ಸಂಜೆಯಾದರೆ ಎಲ್ಲರೂ ಜಗಲಿಯ ಮೇಲೆ. ಯಾರ ಮನೆಯಲ್ಲಿ ಜಗಳವಾದರೂ ಪಕ್ಕದ ಮನೆಯ ಅಜ್ಜಿ ಬಂದು ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಿದ್ದರು. ದುಡ್ಡು ಕೊಟ್ಟು ಮನಸ್ಸನ್ನು ತೋಡಿಕೊಳ್ಳಬೇಕಾದ ಸ್ಥಿತಿ ನನಗೆ ವ್ಯಥೆಯನ್ನುಂಟುಮಾಡುತ್ತದೆ. ದಿನವೂ ಅರ್ಧ ಗಂಟೆ ಧ್ಯಾನ ಮಾಡಿ, ಮಗಳನ್ನು ಕರೆದುಕೊಂಡು ಲಾಲ್‌ಬಾಗಿನಲ್ಲಿ ಒಂದು ಸುತ್ತು ನಡೆದರೆ ಸಾಲದೇ ಎಂದು ಕೇಳಬೇಕೆನ್ನಿಸುತ್ತದೆ.

ನಿವೃತ್ತ ಮನಶ್ಶಾಸ್ತ್ರಜ್ಞೆ, ಜಯನಗರ

ಹಿರಿಯರಿಗೆ ನಮಸ್ಕಾರ. ನಾನೂ ಚಾಮರಾಜಪೇಟೆಯ ವಠಾರದಲ್ಲಿ ಬೆಳೆದವಳು, ಆ ಅಜ್ಜಿಯ ಬೆಲೆಯನ್ನು ಬಲ್ಲೆ. ಆದರೆ ಜಗಲಿಯ ಮೇಲೆ ಹೇಳಿದ ಮಾತು ರಾತ್ರಿಯೊಳಗೆ ಎಂಟು ಮನೆಗೂ ತಿಳಿಯುತ್ತಿತ್ತು. ಅದಕ್ಕಾಗಿಯೇ ಕೆಲವು ಹೆಂಗಸರು ಕೆಲವು ಮಾತುಗಳನ್ನು ಜೀವಮಾನವಿಡೀ ಆಡಲಿಲ್ಲ, ಅವರಲ್ಲಿ ನನ್ನ ತಾಯಿಯೂ ಒಬ್ಬರು. ಲಾಲ್‌ಬಾಗಿನ ಸುತ್ತಾಟವನ್ನು ನಾನು ಮನಸಾರೆ ಅನುಮೋದಿಸುತ್ತೇನೆ. ಧ್ಯಾನದ ಬಗ್ಗೆ ಮಾತ್ರ ಒಂದು ಸೂಚನೆ: ಅದು ಅನೇಕರಿಗೆ ಒಳ್ಳೆಯದನ್ನು ಮಾಡುತ್ತದೆ, ಆದರೆ ಕಣ್ಣು ಮುಚ್ಚಿ ಒಳಗೆ ಸರಿಯುವುದರಲ್ಲಿ ಈಗಾಗಲೇ ಪಳಗಿರುವ ಈ ಮಹನೀಯರಿಗೆ ಸದ್ಯಕ್ಕೆ ಬೇಕಾಗಿರುವುದು ಕಣ್ಣು ತೆರೆದು ಎದುರಿಗಿರುವವರನ್ನು ನೋಡುವ ಅಭ್ಯಾಸ.

ಹಾಸನದ ಸೋದರಿ ಬರೆದದ್ದನ್ನು ಓದಿ ಹಳೆಯ ಸಂಗತಿಯೊಂದು ನೆನಪಾಯಿತು. ಮಾತಿನ ಚಿಕಿತ್ಸೆ ಎಂಬ ಹೆಸರನ್ನು ಕೊಟ್ಟದ್ದು ವೈದ್ಯರಲ್ಲ, ವಿಯೆನ್ನಾದಲ್ಲಿ 1880ರಿಂದ 1882ರವರೆಗೆ ವೈದ್ಯ ಜೋಸೆಫ್ ಬ್ರಾಯರ್ ಅವರಿಂದ ಚಿಕಿತ್ಸೆ ಪಡೆದ ಬರ್ತಾ ಪಾಪನ್‌ಹೈಮ್ ಎಂಬ ತರುಣಿ. ತಂದೆಯ ಶುಶ್ರೂಷೆ ಮಾಡುತ್ತಲೇ ಕಾಯಿಲೆ ಬಿದ್ದ ಆಕೆಗೆ ಒಂದು ಹಂತದಲ್ಲಿ ತನ್ನ ಜರ್ಮನ್ ಭಾಷೆಯೇ ಕೈತಪ್ಪಿ, ಇಂಗ್ಲಿಷಿನಲ್ಲಿ ಮಾತ್ರ ಮಾತನಾಡುತ್ತಿದ್ದಳು. ಆ ಹೆಸರನ್ನು ಆಕೆ ಇಟ್ಟದ್ದೂ ಇಂಗ್ಲಿಷಿನಲ್ಲಿಯೇ. ಕೆಲವರಿಗೆ ಪರಭಾಷೆ ಮೊದಮೊದಲು ಆಸರೆಯಾಗುತ್ತದೆ, ಮನೆಮಾತಿನಲ್ಲಿ ಬಾಯಿಗೆ ಬಾರದ್ದನ್ನು ಅಲ್ಲಿ ಹೇಳಬಹುದು. ನಮ್ಮ ಊರಿನಲ್ಲಿ ಎರಡು ಭಾಷೆಗಳ ನಡುವೆ ಓಡಾಡುವುದು ಸಹಜ. ಆದ್ದರಿಂದ ಕನ್ನಡ ಬಲ್ಲವರನ್ನೇ ಹುಡುಕಿ, ಆದರೆ ನಡುವೆ ಇಂಗ್ಲಿಷ್ ಬಂದರೆ ತಡೆಯಬೇಡಿ. ಯಾವ ಘಟ್ಟದಲ್ಲಿ ಭಾಷೆ ಬದಲಾಯಿತು ಎಂಬುದೇ ಒಳ್ಳೆಯ ಚಿಕಿತ್ಸಕರಿಗೆ ಬಹಳಷ್ಟನ್ನು ತಿಳಿಸುತ್ತದೆ.

ಗಿರಿನಗರದ ಓದುಗ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನೀವೆಲ್ಲರೂ ಬರೆದದ್ದನ್ನು ಒಂದು ವಾರದಿಂದ ಮತ್ತೆ ಮತ್ತೆ ಓದುತ್ತಿದ್ದೇನೆ. ನಾಲ್ಕು ದಿನ ಯಾರಿಗಾಗಿ ಕಾಯುತ್ತಿದ್ದೆ ಎಂಬ ಪ್ರಶ್ನೆಯನ್ನು ಓದಿದ ರಾತ್ರಿ ನನಗೆ ತಂದೆಯವರ ಆರಾಮಕುರ್ಚಿ ನೆನಪಿಗೆ ಬಂತು. ಅವರಿಗೆ ಅಸಮಾಧಾನವಾದರೆ ಅದರಲ್ಲಿ ಕುಳಿತು ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಪತ್ರಿಕೆ ಯಾವಾಗ ಕೆಳಗಿಳಿಯುತ್ತದೆಂದು ನಾನು ಹೊಸಿಲಿನ ಬಳಿ ನಿಂತು ಕಾಯುತ್ತಿದ್ದೆ. ಒಮ್ಮೆ, ಎಂಟನೆಯ ತರಗತಿಯ ಅಂಕಪಟ್ಟಿ ಬಂದಾಗ, ಅದು ಹನ್ನೆರಡು ದಿನ ಇಳಿಯಲಿಲ್ಲ. ಈ ಸಂಗತಿಯನ್ನು ನಾನು ಮರೆತಿರಲಿಲ್ಲ, ಆದರೆ ನನ್ನ ಮಗಳು ನನ್ನ ಕೋಣೆಯ ಬಾಗಿಲ ಬಳಿ ನಿಂತದ್ದಕ್ಕೂ ಅದಕ್ಕೂ ಸಂಬಂಧವಿದೆ ಎಂಬುದು ಹನ್ನೊಂದು ವರ್ಷದ ಪಾಠದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ತಂದೆಯವರು ಹೋದಾಗ ನಾನು ಅಳಲಿಲ್ಲ, ಆತ್ಮಕ್ಕೆ ಸಾವಿಲ್ಲವೆಂದು ಬಂದವರಿಗೆಲ್ಲ ಹೇಳಿದೆ. ಅದೂ ನನ್ನನ್ನು ಹಿಡಿದು ನಿಲ್ಲಿಸಿದ್ದಷ್ಟೇ ಆಗಿರಲಿಲ್ಲವೇನೋ ಎಂದು ಈಗ ಅನ್ನಿಸುತ್ತಿದೆ.

ಮಗಳ ಬಳಿ ಕ್ಷಮೆ ಕೇಳಿದ್ದೇನೆ. ಸಿಇಟಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ, ನನಗೆ ಈಗಲೂ ಅವಳ ನಿರ್ಧಾರ ಸರಿಯೆನ್ನಿಸುತ್ತಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳಿ ವಾದ ಮಾಡುತ್ತಿದ್ದೇವೆ. ಕನ್ನಡ ಬಲ್ಲ, ನೋಂದಾಯಿತ ಮನಶ್ಶಾಸ್ತ್ರಜ್ಞರೊಬ್ಬರು ಗುರುವಾರ ಸಂಜೆ ಐದೂವರೆಗೆ ಸಮಯ ಕೊಟ್ಟಿದ್ದಾರೆ. ಹೇಳಬೇಕಾದ ವಿಷಯಗಳನ್ನೆಲ್ಲ ಕ್ರಮವಾಗಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಅದನ್ನು ಕೊಂಡೊಯ್ಯಬಹುದೇ?

ನಿವೃತ್ತ ಮನಶ್ಶಾಸ್ತ್ರಜ್ಞೆ, ಜಯನಗರ

ಬರೆಯುವುದನ್ನು ಮುಂದುವರಿಸಿ, ಆದರೆ ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟು ಹೋಗಿ. ನೀವು ಬರೆದುಕೊಂಡದ್ದು ಬಹಳ ಅಚ್ಚುಕಟ್ಟಾಗಿರುತ್ತದೆ, ಅದನ್ನು ಓದಿದರೆ ಐವತ್ತು ನಿಮಿಷ ಅದರಲ್ಲಿಯೇ ಕಳೆದುಹೋಗುತ್ತದೆ. ಅಲ್ಲಿ ಕುಳಿತ ಮೇಲೆ ಮೊದಲು ಏನು ನೆನಪಾಗುತ್ತದೆಯೋ ಅಲ್ಲಿಂದ ಆರಂಭಿಸಿ, ಅದು ದಿನಪತ್ರಿಕೆಯಾಗಿರಲಿ, ಬರುವಾಗ ಸಿಕ್ಕಿಕೊಂಡ ಟ್ರಾಫಿಕ್ಕಾಗಿರಲಿ. ಏನೂ ತೋಚದಿದ್ದರೆ ಏನೂ ತೋಚುತ್ತಿಲ್ಲ ಎಂದೇ ಹೇಳಿ. ಮೂರು ನಾಲ್ಕು ಭೇಟಿಗಳಾದ ಮೇಲೆ ಇವರೊಡನೆ ಮುಂದುವರಿಯಬಹುದೇ ಎಂದು ನಿರ್ಧರಿಸಿ, ಹಿಡಿಸದಿದ್ದರೆ ಅದನ್ನೂ ಅವರಿಗೇ ನೇರವಾಗಿ ತಿಳಿಸಿ. ಹೇಳದೆ ನಿಲ್ಲಿಸಬೇಡಿ, ನಿಮ್ಮ ವಿಷಯದಲ್ಲಿ ಅದು ಬಹಳ ಮುಖ್ಯ.

ಭಾನುವಾರದ ಪಾಠವನ್ನು ಬಿಡುವ ಅಗತ್ಯವಿಲ್ಲ. ಗುರುವಾರ ಸಂಜೆ ಮಳೆಯ ಸೂಚನೆಯಿದ್ದರೆ ಅರ್ಧ ಗಂಟೆ ಮೊದಲೇ ಹೊರಡಿ, ತಡವಾಗಿ ತಲುಪಿದರೆ ಆ ನಿಮಿಷಗಳು ನಿಮ್ಮ ಐವತ್ತರಲ್ಲಿಯೇ ಕಳೆಯುತ್ತವೆ.